ಗುಜರಿಯಲ್ಲಿ ಸಿಕ್ಕ ಗ್ಲಾಸ್ ಮೆಷಿನ್

ನಮ್ಮ ಹಳೇ ಮಾರುತಿ 800ರ ಎಡಗಡೆ ಗಾಜು, ಸರಿಯಾಗಿ ಮಳೆಗಾಲದಲ್ಲೇ ಬಾಗಿಲೊಳಗೆ ಬಿದ್ದುಹೋಯಿತು. ಆ ಕಾರು ತಯಾರಾಗುವುದು ನಿಂತಿದ್ದೇ 2014ರಲ್ಲಿ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಮೂರು ಬಿಡಿಭಾಗದ ಅಂಗಡಿ ಸುತ್ತಿದೆ, ಗಾಜು ಏರಿಸಿ ಇಳಿಸುವ ಹೊಸ ಗ್ಲಾಸ್ ಮೆಷಿನ್ ಸಿಗಲಿಲ್ಲ. ಕೊನೆಗೆ ಶಿವಾಜಿನಗರದ ಗುಜರಿಗೆ ಹೋದೆ.

ಮೊದಲ ದಿನ ಸುಮ್ನೆ ಫೋಟೋ ತೋರಿಸಿ ಬಲಗಡೆಯದ್ದನ್ನು ತಂದುಬಿಟ್ಟೆ! ನೋಡೋಕೆ ಎರಡೂ ಒಂದೇ ಥರ, ಅಲ್ವಾ? ಮರುದಿನ ಮುರಿದ ಮೆಷಿನ್ ಬಿಚ್ಚಿ ಚೀಲದಲ್ಲಿ ಒಯ್ದೆ.

“ಹಿಂಗೆ ತರಬೇಕು ಸಾರ್” ಎನ್ನುತ್ತಾ ಅಂಗಡಿಯವರು ರಾಶಿಯಿಂದ ಮೂರು ಎಳೆದು ಹಾಕಿದರು. ಬೋಲ್ಟಿನ ತೂತುಗಳನ್ನು ಒಂದರ ಮೇಲೊಂದಿಟ್ಟು ನೋಡಿದೆ. ಹಿಡಿ ಸಿಕ್ಕಿಸಿ ತಿರುಗಿಸಿದೆ. ಎರಡರಲ್ಲಿ ಹಲ್ಲು ಸವೆದು ಕಟಕಟ ಅನ್ನುತ್ತಿತ್ತು. ಮೂರನೆಯದು ಸಲೀಸಾಗಿ ತಿರುಗಿತು. 600 ಅಂದವರು 350ಕ್ಕೆ ಕೊಟ್ಟರು. ಸೀಮೆಎಣ್ಣೆಯಲ್ಲಿ ಹಳೇ ಗ್ರೀಸು ತೊಳೆದು, ಹೊಸದು ಹಚ್ಚಿ ಕೂರಿಸಿದೆ. ಗಾಜು ಈಗ ಮೇಲೇ ನಿಲ್ಲುತ್ತದೆ.