ಹೇಯ್ವಾ ಹಬ್ಬಕ್ಕೆ ಹೋದರೆ ಹಗಲನ್ನೂ ಬಿಡಬೇಡಿ: ತಾಹಿಟಿಯಲ್ಲಿ ನನ್ನ ಅನುಭವ

ಪೆಸಿಫಿಕ್ ಸಾಗರದ ತಾಹಿಟಿ ದ್ವೀಪದಲ್ಲಿ ಜುಲೈನಲ್ಲಿ ನಡೆಯುವ ಹೇಯ್ವಾ ಹಬ್ಬ ಅಂದರೆ ಎಲ್ಲರೂ ರಾತ್ರಿಯ ಕುಣಿತದ ಮಾತೇ ಆಡುತ್ತಾರೆ. ನಾನೂ ಅದನ್ನು ನೋಡೋಣ ಅಂತಲೇ ಹೊರಟವನು. ಆದರೆ ವಾಪಸ್ ಬಂದ ಮೇಲೆ ಕಣ್ಣಿಗೆ ಕಟ್ಟಿದ ಹಾಗೆ ಉಳಿದದ್ದು ಹಗಲು ಬಯಲಿನಲ್ಲಿ ನಡೆದ ಪಂದ್ಯಗಳು. ಹೋಗುವವರಿಗೆ ನಾನು ಮೊದಲು ಹೇಳುವುದೂ ಇದನ್ನೇ: ಹಗಲಿನ ಕಾರ್ಯಕ್ರಮದ ಪಟ್ಟಿ ನೋಡಿಕೊಂಡು ರಜೆ ಹಾಕಿ.

ನಾನು ಬೆಳೆದದ್ದು ಪುತ್ತೂರಿನ ಹತ್ತಿರ, ತೆಂಗು ಅಡಿಕೆ ತೋಟದ ಮನೆಯಲ್ಲಿ. ಈಗ ಕೆಲಸ ಆಕ್ಲೆಂಡಿನಲ್ಲಿ. ಅಲ್ಲಿಂದ ತಾಹಿಟಿಯ ರಾಜಧಾನಿ ಪಪೆಎಟೆಗೆ ವಿಮಾನದಲ್ಲಿ ಸುಮಾರು 5 ಗಂಟೆ. ನಡುವೆ ದಿನಾಂಕ ರೇಖೆ ದಾಟುತ್ತೇವೆ. ಜುಲೈನಲ್ಲಿ ತಾಹಿಟಿ ಆಕ್ಲೆಂಡಿಗಿಂತ 22 ಗಂಟೆ ಹಿಂದೆ ಇರುತ್ತದೆ. ಶನಿವಾರ ಮಧ್ಯಾಹ್ನ ಹೊರಟವನು ಅಲ್ಲಿ ಇಳಿದದ್ದು ಶುಕ್ರವಾರ ರಾತ್ರಿ! ನಾನು ರೂಮು ಮಾಡಿದ್ದು ಶನಿವಾರದಿಂದ. ಆ ರಾತ್ರಿ ಬೇರೆ ಕಡೆ ಜಾಸ್ತಿ ದುಡ್ಡು ಕೊಟ್ಟು ಮಲಗಬೇಕಾಯಿತು. ಟಿಕೆಟಿನಲ್ಲಿ ತಲುಪುವ ತಾರೀಖು ಯಾವುದಿದೆ ಅಂತ ನೋಡಿಯೇ ರೂಮು ಬುಕ್ ಮಾಡಿ.

ವೀಸಾದ ವಿಷಯ. ಇದು ಫ್ರಾನ್ಸಿಗೆ ಸೇರಿದ ಜಾಗ, ಆದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಷೆಂಗೆನ್ ವಲಯದ ಹೊರಗಿದೆ. ಯುರೋಪ್ ಸುತ್ತಿ ಬಂದ ವೀಸಾ ಪಾಸ್‌ಪೋರ್ಟಿನಲ್ಲಿದೆ ಅಂತ ಸುಮ್ನೆ ಹೊರಡಬೇಡಿ. ಭಾರತದ ಪಾಸ್‌ಪೋರ್ಟ್ ಇರುವವರು ಫ್ರೆಂಚ್ ರಾಯಭಾರ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಅಲ್ಲಿ ನಡೆಯುವುದು ಯೂರೋ ಅಲ್ಲ, ಪೆಸಿಫಿಕ್ ಫ್ರಾಂಕ್. 1000 ಫ್ರಾಂಕ್ ಅಂದರೆ 8.38 ಯೂರೋ. ಈ ದರ ಏರಿಳಿಯುವುದಿಲ್ಲ, ಹಾಗಾಗಿ ಲೆಕ್ಕ ಹಾಕುವುದು ಸುಲಭ.

ಈ ಹಬ್ಬ ಶುರುವಾದದ್ದು 1881ರಲ್ಲಿ, ಫ್ರಾನ್ಸಿನ ಜುಲೈ 14ರ ಆಚರಣೆಯಾಗಿ. ಜನ ಅದನ್ನು ‘ತಿಯುರಾಯ್’ ಅಂತ, ಅಂದರೆ ಜುಲೈ ಅಂತಲೇ ಕರೆದರು. ಅದಕ್ಕೂ ಮೊದಲು, 1819ರಲ್ಲಿ, ಪಾದ್ರಿಗಳ ಮಾತು ಕೇಳಿ ರಾಜ ಎರಡನೇ ಪೊಮಾರೆ ತಂದ ಕಾನೂನು ಕುಣಿತವನ್ನೇ ನಿಲ್ಲಿಸಿತ್ತು. 1956ರಲ್ಲಿ ಮದೆಲೆನ್ ಮೊವುವಾ ಎಂಬ ಶಿಕ್ಷಕಿ ತಂಡ ಕಟ್ಟಿ ಅದಕ್ಕೆ ಮತ್ತೆ ಮರ್ಯಾದೆ ತಂದುಕೊಟ್ಟರು. ಹೇಯ್ವಾ ಎಂಬ ಹೆಸರು ಬಂದದ್ದು 1980ರ ದಶಕದಲ್ಲಿ, ದ್ವೀಪಗಳಿಗೆ ಸ್ವಾಯತ್ತತೆ ಸಿಕ್ಕಿದ ಮೇಲೆ. ಇಷ್ಟು ತಿಳಿದುಕೊಂಡು ಹೋದರೆ ಪಪೆಎಟೆಯ ಬಯಲು ರಂಗಮಂದಿರ ತೊಆತಾದ ವೇದಿಕೆಯ ಮೇಲೆ ನೂರಕ್ಕೂ ಹೆಚ್ಚು ಜನ ಒಟ್ಟಿಗೆ ಕಾಲಿಡುವಾಗ ಎದೆ ತುಂಬಿ ಬರುತ್ತದೆ.

ಅಲ್ಲಿ ಎರಡು ಬಗೆಯ ಕುಣಿತ ಗುರುತಿಟ್ಟುಕೊಳ್ಳಿ. ಓತೆಆದಲ್ಲಿ ಹಾಡಿಲ್ಲ, ಬರೀ ತಾಳ. ತೋಡಿದ ಮರದ ದಿಮ್ಮಿಗೆ ಕೋಲಿನಲ್ಲಿ ಬಡಿಯುತ್ತಾರೆ. ಅದರ ಹೆಸರು ತೋಎರೆ, ಆ ಸದ್ದು ನೇರ ಪಕ್ಕೆಲುಬಿಗೆ ತಾಗುತ್ತದೆ. ಅಪರಿಮಾದಲ್ಲಿ ಹಾಡು ಇರುತ್ತದೆ, ಕೈಗಳು ಕಥೆ ಹೇಳುತ್ತವೆ. ಕಥೆ ತಾಹಿಟಿ ಭಾಷೆಯಲ್ಲೇ ಇರುತ್ತದೆ, ಭಾಷೆ ಬಾರದಿದ್ದರೂ ಕೈ ನೋಡಿದರೆ ಎಷ್ಟೋ ಅರ್ಥ ಆಗುತ್ತದೆ. ಹಸಿ ಎಲೆ, ಹೂವುಗಳಿಂದ ಮಾಡಿದ ಉಡುಪಿನ ಪರಿಮಳ ನಾನು ಕೂತಲ್ಲಿಗೂ ಬಂತು. ಟಿಕೆಟ್ ಬೇಗ ತೆಗೆಯಿರಿ. ಸಮುದ್ರದ ಗಾಳಿ ಇರುತ್ತದೆ, ಒಂದು ತೆಳ್ಳನೆ ಶಾಲು ಇರಲಿ.

ಇನ್ನು ಹಗಲು. ಸಾಂಪ್ರದಾಯಿಕ ಆಟಗಳಿಗೆ ಅಲ್ಲಿ ‘ತುಆರೊ ಮಾಓಹಿ’ ಅನ್ನುತ್ತಾರೆ. ಇವೆಲ್ಲ ದ್ವೀಪದ ದಿನನಿತ್ಯದ ಕೆಲಸಗಳೇ. ಬಾಳೆಗೊನೆ, ಕೆಸುವಿನ ಗೆಡ್ಡೆ, ತೆಂಗಿನಕಾಯಿಗಳನ್ನು ಕೋಲಿನ ಎರಡು ತುದಿಗೆ ಕಟ್ಟಿ, ಕಾವಡಿಯ ಹಾಗೆ ಹೆಗಲಿಗೇರಿಸಿಕೊಂಡು ಬರಿಗಾಲಲ್ಲಿ ಓಡುತ್ತಾರೆ. ಬಲಶಾಲಿಗಳ ವಿಭಾಗದಲ್ಲಿ ಆ ಹೊರೆ 50 ಕಿಲೋ! ಇನ್ನೊಂದು ಕಡೆ ಎತ್ತರದ ಕಂಬದ ತುದಿಯಲ್ಲಿ ಒಂದು ತೆಂಗಿನಕಾಯಿ, ಅದಕ್ಕೆ ಈಟಿ ಎಸೆಯಬೇಕು. ದುಂಡನೆಯ ನುಣುಪು ಕಲ್ಲನ್ನು ಹೆಗಲಿಗೆತ್ತುವ ಪಂದ್ಯವೂ ಇದೆ, ಭಾರದ ವಿಭಾಗದಲ್ಲಿ ಅದು ನೂರು ಕಿಲೋ ದಾಟುತ್ತದೆ. ನಮ್ಮ ಬಯಲುಸೀಮೆಯ ಜಾತ್ರೆಗಳಲ್ಲಿ ಗುಂಡು ಎತ್ತುವುದನ್ನು ನೋಡಿದವರಿಗೆ ಇದರ ಪಟ್ಟು ಕೂಡಲೇ ತಿಳಿಯುತ್ತದೆ. ಮೊದಲು ಕಲ್ಲನ್ನು ತೊಡೆಗೆ ತಂದು, ಎದೆಗೆ ಅವಚಿಕೊಂಡು, ಒಂದು ಉಸಿರು ತೆಗೆದು ಮೇಲಕ್ಕೆ.

ನಾನು ಅಲ್ಲಾಡದೆ ನಿಂತದ್ದು ಕೊಬ್ಬರಿ ಪಂದ್ಯದ ಮುಂದೆ. ಪ್ರತಿ ತಂಡದ ಎದುರಿಗೆ ಕಾಯಿಯ ರಾಶಿ. ಸಿಪ್ಪೆ ಸುಲಿಯುವುದಿಲ್ಲ. ಇಡೀ ಕಾಯಿಗೇ ಕೊಡಲಿ ಬೀಸುತ್ತಾರೆ, ಸಿಪ್ಪೆ ಕರಟ ಎಲ್ಲ ಸೇರಿ ಎರಡು ಹೋಳು. ಇನ್ನೊಬ್ಬರು ಬಾಗಿದ ಅಲಗಿನ ಉಪಕರಣವನ್ನು ಕರಟದ ಅಂಚಿಗೆ ತೂರಿಸಿ ಮಣಿಕಟ್ಟು ತಿರುಗಿಸುತ್ತಾರೆ. ತಿರುಳು ಎದ್ದು ಬರುತ್ತದೆ, ಗೋಣಿಗೆ ಬೀಳುತ್ತದೆ. ಹೆಂಗಸರೂ ಅಷ್ಟೇ ಚುರುಕು. ಸುತ್ತ ನಿಂತವರ ಕೂಗು ಕೇಳಬೇಕು! ನಮ್ಮ ಅಂಗಳದಲ್ಲಿ ದಿನವೂ ನಡೆದ ಕೆಲಸಕ್ಕೆ ಯಾರಾದರೂ ಚಪ್ಪಾಳೆ ಹೊಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

ವಿಡಿಯೋವನ್ನು ಅಪ್ಪನಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೇ ಫೋನ್ ಬಂತು. “ಸುಲಿಯದೆ ಕೊಡಲಿ ಹಾಕಿದರೆ ಕಾಯಿ ಉರುಳುವುದಿಲ್ವಾ ಮಗಾ? ಕಾಲು ಎಲ್ಲಿಟ್ಟಿದ್ದಾರೆ ನೋಡು” ಅಂದರು. ನಾನು ಮತ್ತೆ ಹೋಗಿ ಕಾಲನ್ನೇ ನೋಡಿದೆ.

ಊಟಕ್ಕೆ ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟ. ಅಲ್ಲಿನ ಹೆಸರಾಂತ ಖಾದ್ಯ ಅಂದರೆ ಹಸಿ ಮೀನು, ನಿಂಬೆರಸ, ತೆಂಗಿನ ಹಾಲು. ಆದರೆ ಭಾನುವಾರ ಬೆಳಕು ಹರಿಯುವ ಮೊದಲೇ ಪಪೆಎಟೆಯ ಮಾರುಕಟ್ಟೆಗೆ ಹೋಗಿ. ಅಲ್ಲಿ ‘ಉರು’ ಸಿಕ್ಕಿತು. ನಮ್ಮ ಜೀಗುಜ್ಜೆಯೇ ಅದು! ನಾವು ಪೋಡಿ ಮಾಡುತ್ತೇವೆ, ಅವರು ಇಡಿಯಾಗಿ ಕೆಂಡದಲ್ಲಿ ಸುಡುತ್ತಾರೆ. ಸಿಪ್ಪೆ ಕಪ್ಪಾಗುತ್ತದೆ, ಒಳಗೆ ಹತ್ತಿಯ ಹಾಗೆ ಮೆತ್ತಗೆ. ಬಾಳೆಹಣ್ಣಿನ ‘ಪೋಎ’ ಎಂಬ ಸಿಹಿ ತೆಂಗಿನ ಹಾಲಿನ ಜೊತೆ ಹಾಲುಬಾಯಿಯನ್ನು ನೆನಪಿಸಿತು.

ದೋಣಿ ಪಂದ್ಯದ ಹುಚ್ಚು ಇರುವವರು ಜುಲೈ ಬದಲು ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರದ ಹೊತ್ತಿಗೆ ಹೋಗಬಹುದು. ಆಗ ಹವಾಯ್ಕಿ ನುಯಿ ವಾಆ ನಡೆಯುತ್ತದೆ. 1992ರಲ್ಲಿ ಶುರುವಾದ ಪಂದ್ಯ ಅದು. ಹುವಾಹಿನೆಯಿಂದ ರಾಯಾತಿಯಾ, ತಾಹಾಆ ದಾಟಿ ಬೋರಾ ಬೋರಾದವರೆಗೆ ಮೂರು ದಿನ, ಸುಮಾರು 130 ಕಿಲೋಮೀಟರ್. ಒಂದೊಂದು ದೋಣಿಗೆ ಆರು ಜನ. ನಾನಿನ್ನೂ ಅದನ್ನು ನೋಡಿಲ್ಲ, ಹೋಗಲೇಬೇಕು ಅಂತ ಇದ್ದೇನೆ.

ಹೋದ ವಾರ ಅಪ್ಪ ಫೋನ್ ಮಾಡಿದ್ದರು. ಅಂಗಳದಲ್ಲಿ ಕೊಡಲಿ ಹಿಡಿದು ನೋಡಿದರಂತೆ. ಮೊದಲ ಎರಡು ಕಾಯಿ ಜಾರಿದವು, ಮೂರನೆಯದು ಸರಿಯಾಗಿ ಎರಡು ಹೋಳಾಯಿತಂತೆ.