ನಾಲ್ಕು ಮಕ್ಕಳು, ಐದು ಕ್ಯಾಮೆರಾ, ಎರಡು ಸುಳಿ

ಬೆಂಗಳೂರಿನಲ್ಲಿ ಕೂತು ಅಮೆರಿಕದ ರಿಯಾಲಿಟಿ ಶೋಗಳ ಫೂಟೇಜ್ ಲಾಗ್ ಮಾಡುವ, ಅಂದರೆ ಯಾವ ಕ್ಲಿಪ್ಪಿನಲ್ಲಿ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ ಅಂತ ಎಡಿಟರ್‌ಗೆ ಬರೆದುಕೊಡುವ ನಮ್ಮ ಮಂದಿಗೆ ಅಡುಗೆ ಶೋ, ಮನೆ ರಿಪೇರಿ ಶೋ ಎಲ್ಲ ಸಲೀಸು. ಒಂದೇ ಹೆರಿಗೆಯಲ್ಲಿ ಹುಟ್ಟಿದ ನಾಲ್ಕೈದು ಮಕ್ಕಳ ಶೋ ಅಂದರೆ ಮಾತ್ರ ಮೆಲ್ಲಗೆ ಜಾರಿಕೊಳ್ಳುತ್ತಾರೆ. ನಾನು ಒಪ್ಪಿಕೊಂಡೆ. ಕರಾರು ಇರುವುದರಿಂದ ಶೋ ಹೆಸರು ಹೇಳುವ ಹಾಗಿಲ್ಲ. ಮಕ್ಕಳು ನಾಲ್ಕು, ಅದರಲ್ಲಿ ಇಬ್ಬರು ಹುಡುಗಿಯರು ತದ್ರೂಪಿ. ಮಗುವಿನ ಹೆಸರು ತಪ್ಪಾಗಿ ಹಾಕಿದರೆ ಆ ಕ್ಲಿಪ್ಪಿಗೆ ದುಡ್ಡಿಲ್ಲ.

ಇಷ್ಟು ಕಟ್ಟುನಿಟ್ಟಿಗೆ ಕಾರಣ ಇದೆ. 2009ರ ಜೂನ್‌ನಲ್ಲಿ ಎಂಟು ಮಕ್ಕಳ ಮನೆಯ ಶೋ 'ಜಾನ್ ಆಂಡ್ ಕೇಟ್ ಪ್ಲಸ್ 8'ರ ದಂಪತಿ ಬೇರೆಯಾಗುವ ಸುದ್ದಿಯ ಎಪಿಸೋಡನ್ನು ಒಂದು ಕೋಟಿಗೂ ಜಾಸ್ತಿ ಜನ ನೋಡಿದ್ದರು. 2016ರಲ್ಲಿ ಶುರುವಾದ 'ಔಟ್‌ಡಾಟರ್ಡ್'ನ ಐದು ಹುಡುಗಿಯರಲ್ಲೂ ಇಬ್ಬರು ತದ್ರೂಪಿ. ಇಂಥ ಶೋಗಳ ಅಭಿಮಾನಿಗಳು ಮಕ್ಕಳನ್ನು ಎಡಿಟರ್‌ಗಿಂತ ಚೆನ್ನಾಗಿ ಗುರುತು ಹಿಡಿಯುತ್ತಾರೆ. ಅಮ್ಮ "ಇವಳಿಗೆ ಜ್ವರ" ಅನ್ನುವಾಗ ಇನ್ನೊಬ್ಬಳ ಮುಖ ತೋರಿಸಿದರೆ ಬಿಡ್ತಾರಾ?

ಮೊದಲು ಬಟ್ಟೆಯ ಬಣ್ಣ ನೆಚ್ಚಿಕೊಂಡೆ. ಒಂದೊಂದು ಮಗುವಿಗೆ ಒಂದೊಂದು ಬಣ್ಣ ಅಂತ ಆ ಮನೆಯಲ್ಲೇ ಗೊತ್ತುಮಾಡಿದ್ದರು. ಅದು ಮಧ್ಯಾಹ್ನದ ಊಟದವರೆಗೆ ಸರಿ. ಮೈಮೇಲೆ ಚೆಲ್ಲಿಕೊಂಡ ಮೇಲೆ ಅಜ್ಜಿ ಕೈಗೆ ಸಿಕ್ಕ ಅಂಗಿ ತೊಡಿಸುತ್ತಾರೆ. ರಾತ್ರಿ ಇನ್ನೂ ಕಷ್ಟ. ಮಲಗುವ ಕೋಣೆಯದು ಇನ್‌ಫ್ರಾರೆಡ್ ಕ್ಯಾಮೆರಾ, ಕಪ್ಪು ಪೈಜಾಮ ಕೂಡ ಅದರಲ್ಲಿ ಬಿಳುಚಿಕೊಂಡು ಕಾಣುತ್ತದೆ. ತಾಯಿ ಒಬ್ಬಳ ಕಾಲ್ಬೆರಳಿಗೆ ನೇಲ್ ಪಾಲಿಶ್ ಹಚ್ಚಿದ್ದರು, ಅದರ ಮೇಲೆ ಸಾಕ್ಸ್! ಮುಖ ಗುರುತಿಸುವ ಸಾಫ್ಟ್‌ವೇರಿಗೆ ತಿಂಗಳಿಗೆ ಮೂರು ಸಾವಿರ ಚಿಲ್ಲರೆ ಸುರಿದೆ. ಅದು ಮನೆಯಲ್ಲಿ ಒಂಬತ್ತು ಮಕ್ಕಳಿದ್ದಾರೆ ಅಂತ ಲೆಕ್ಕ ಕೊಟ್ಟಿತು. ಅದರಲ್ಲಿ ಒಂದು ಗೊಂಬೆ.

ಕೊನೆಗೆ ಕೈಹಿಡಿದದ್ದು ನಾನು 'ಗಟ್ಟಿ ಫ್ರೇಮ್' ಅಂತ ಕರೆಯುವ ದಾರಿ. ಊಟದ ಎತ್ತರದ ಕುರ್ಚಿಗಳಲ್ಲಿ ಜಾಗ ಬದಲಾಗಲ್ಲ. ತಾಯಿ ಹೆಸರು ಕರೆದೇ ಬಡಿಸುತ್ತಾರೆ. ಅಲ್ಲಿ ಅನುಮಾನವೇ ಇಲ್ಲ. ಆ ಫ್ರೇಮಿನಿಂದ ಮುಂದಕ್ಕೂ ಹಿಂದಕ್ಕೂ, ಟೈಮ್‌ಕೋಡ್ (ಫ್ರೇಮಿಗೆ ಅಂಟಿದ ಸಮಯದ ಗುರುತು) ಹಿಡಿದು ಕ್ಯಾಮೆರಾದಿಂದ ಕ್ಯಾಮೆರಾಗೆ, ಒಂದೇ ಮಗುವಿನ ಬೆನ್ನು ಹತ್ತಬೇಕು. ಮಗು ಸೋಫಾ ಹಿಂದೆ ನುಸುಳಿ ಕೊಂಡಿ ತಪ್ಪಿದರೆ ನೆತ್ತಿ ನೋಡಿ. ನಮ್ಮ ಹುಡುಗಿಯರಲ್ಲಿ ಒಬ್ಬಳ ಸುಳಿ ಬಲಕ್ಕೆ ತಿರುಗಿದರೆ ಇನ್ನೊಬ್ಬಳದು ಎಡಕ್ಕೆ. ಕೆಲವು ತದ್ರೂಪಿಗಳಲ್ಲಿ ಹೀಗೆ ಕನ್ನಡಿ ಬಿಂಬದ ಹಾಗೆ ಇರುತ್ತದೆ. ಗೋಡೆಯ ಮೂಲೆಯಲ್ಲಿ ಮೇಲೆ ಕೂರಿಸಿದ ಕ್ಯಾಮೆರಾ ಇದೆಯಲ್ಲ, ಎಡಿಟರ್ ಮುಟ್ಟದೇ ಬಿಡುವುದು, ನೆತ್ತಿ ಚೆನ್ನಾಗಿ ಕಾಣುವುದು ಅದರಲ್ಲೇ.

ಸುಳಿ ಅಂದಾಗ ಅಲ್ಲಿನ ಸೂಪರ್‌ವೈಸರ್ ನಕ್ಕರು. ನಮ್ಮ ಗೆಳೆಯನೊಬ್ಬ "ಎರಡು ಸುಳಿ ಇದ್ದರೆ ಎರಡು ಮದುವೆ, ಅದನ್ನೂ ಲಾಗ್ ಮಾಡು ಮಾರಾಯ" ಅಂದ. ಮೊದಲೆಲ್ಲ ಕೆಲಸದಲ್ಲಿ ಕಾಲು ಭಾಗ ವಾಪಸ್ ಬರುತ್ತಿತ್ತು. ಈಗ ತಿಂಗಳಿಗೆ ಒಂದೋ ಎರಡೋ ಕ್ಲಿಪ್. ಒಂದು ಗಂಟೆ ಫೂಟೇಜಿಗೆ ಹತ್ತು ಹನ್ನೆರಡು ಡಾಲರ್ ಸಿಗುತ್ತಿತ್ತು, ಅದಕ್ಕೆ ನಾಲ್ಕು ಗಂಟೆ ಹಿಡಿಯುತ್ತಿತ್ತು. ಈಗ ಎರಡು ಗಂಟೆಯೊಳಗೆ ಮುಗಿಯುತ್ತದೆ. ಬಾಯಿಬಿಟ್ಟು ಕೇಳಿದ್ದಕ್ಕೆ ರೇಟೂ ಸ್ವಲ್ಪ ಏರಿತು. ಕೂದಲು ಬೆಳೆದು ಜುಟ್ಟು ಕಟ್ಟಿದ ಮೇಲೆ ಏನು ಮಾಡುತ್ತೇನೆ ಅಂತ ಮಾತ್ರ ಕೇಳಬೇಡಿ. ಹೊಟ್ಟೆಪಾಡು. ಕಿವಿ ನೋಡಿ ಅಂತಷ್ಟೇ ಹೇಳಬಲ್ಲೆ.

ನಡುವೆ ಸುಮ್ನೆ ಅಳುವಿನ ಆಡಿಯೋ ಗ್ರಾಫ್ ಹಿಡಿದು ಮಕ್ಕಳನ್ನು ಬೇರ್ಪಡಿಸಲು ನೋಡಿದೆ. ಒಬ್ಬಳು ಶುರುಮಾಡಿದರೆ ನಾಲ್ವರೂ ಸೇರುತ್ತಾರೆ, ಕೈಬಿಟ್ಟೆ.

ಇನ್ನೊಂದು ಉಪಯೋಗ ಆಮೇಲೆ ಹೊಳೆಯಿತು. ಯಾವ ಮಗು ಎಷ್ಟು ಹೊತ್ತು ಕ್ಯಾಮೆರಾ ಮುಂದಿತ್ತು ಅನ್ನುವುದು ಈಗ ನನ್ನ ಶೀಟಿನಲ್ಲಿ ನಿಮಿಷದ ಲೆಕ್ಕದಲ್ಲಿ ಸಿಗುತ್ತದೆ. ಜಾನ್-ಕೇಟ್ ಶೋದಲ್ಲಿ ಮಕ್ಕಳ ದುಡಿಮೆ ಕುರಿತು ಎದ್ದ ಗಲಾಟೆಯ ನಂತರ ಅವರ ರಾಜ್ಯ ಪೆನ್ಸಿಲ್ವೇನಿಯಾದಲ್ಲಿ 2012ರಲ್ಲಿ ಕಾನೂನು ಬದಲಾಯಿತು. ರಿಯಾಲಿಟಿ ಶೋ ಮಕ್ಕಳ ಸಂಪಾದನೆಯಲ್ಲಿ ಶೇ. 15 ಟ್ರಸ್ಟಿನಲ್ಲಿ ಇಡಬೇಕು ಅನ್ನುವುದು ಅದರಲ್ಲಿದೆ. ಇಂಥ ಲೆಕ್ಕಕ್ಕೆ ನನ್ನ ಶೀಟ್ ಬೇಕಾಗಬಹುದು ಅಂತ ಸೂಪರ್‌ವೈಸರ್‌ಗೆ ಬರೆದೆ. ಈ ಸಲ ಅವರು ನಗಲಿಲ್ಲ, ಮುಂದಿನ ಸೀಸನ್ನಿಗೆ ಆ ಕಾಲಮ್ಮಿಗೆ ಬೇರೆ ರೇಟ್ ಎಷ್ಟು ಅಂತ ಕೇಳಿದ್ದಾರೆ.