ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂದರೇನೆಂದು ಮನೆಯವರಿಗೆ ತಿಳಿಸಿ ಹೇಳುವ ಬಗೆ

ಬೆಂಗಳೂರಿನ ಮನೆಗಳಲ್ಲಿ ‘ಬಾರ್ಡರ್‌ಲೈನ್’ ಎಂಬ ಪದ ಹೊಸದೇನಲ್ಲ. ‘ಶುಗರ್ ಬಾರ್ಡರ್‌ಲೈನ್‌ನಲ್ಲಿದೆ’ ಎಂದರೆ ಕಾಯಿಲೆ ಇನ್ನೂ ಬಂದಿಲ್ಲ, ಸಿಹಿ ಕಡಿಮೆ ಮಾಡಿ ಲಾಲ್‌ಬಾಗಿನಲ್ಲಿ ಎರಡು ಸುತ್ತು ನಡೆದರೆ ಸಾಕು ಎಂದೇ ಎಲ್ಲರೂ ತಿಳಿಯುತ್ತಾರೆ. ಆದ್ದರಿಂದಲೇ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂಬ ನನ್ನ ತಂಗಿಯ ಮಾನಸಿಕ ಕಾಯಿಲೆಯ ಹೆಸರು ಕೇಳಿದ ಬಸವನಗುಡಿಯ ಚಿಕ್ಕಮ್ಮ, ‘ಸದ್ಯ, ಪೂರ್ತಿ ಬಂದಿಲ್ವಲ್ಲ’ ಎಂದು ನಿಟ್ಟುಸಿರು ಬಿಟ್ಟರು. ನಾನು ಹೆಸರಿನಿಂದ ಆರಂಭಿಸಿದ್ದೇ ತಪ್ಪಾಗಿತ್ತು.

ಅದಕ್ಕೂ ಮೊದಲಿನ ಕೆಲಸವೆಂದರೆ ಕಾಯಿಲೆ ಇರುವವರ ಒಪ್ಪಿಗೆ ಪಡೆಯುವುದು. ಯಾರಿಗೆ ಹೇಳಬಹುದು, ಎಷ್ಟು ಹೇಳಬಹುದು ಎಂಬುದನ್ನು ಅವರೇ ನಿರ್ಧರಿಸಬೇಕು. ಇಲ್ಲಿ ಬರೆದಿರುವುದನ್ನೂ ತಂಗಿ ಓದಿ ಒಪ್ಪಿದ್ದಾಳೆ.

ಹೆಸರಿನ ಪ್ರಶ್ನೆ ಬಂದೇ ಬರುತ್ತದೆ. ಮನೋವಿಶ್ಲೇಷಕ ಅಡಾಲ್ಫ್ ಸ್ಟರ್ನ್ 1938ರಲ್ಲಿ ಈ ಪದವನ್ನು ಬಳಸಿದಾಗ, ನ್ಯೂರೋಸಿಸ್ (ವಾಸ್ತವದ ಅರಿವು ಉಳಿದಿರುವ, ಆತಂಕದಂಥ ತೊಂದರೆ) ಮತ್ತು ಸೈಕೋಸಿಸ್ (ವಾಸ್ತವದ ಅರಿವೇ ತಪ್ಪುವ ಸ್ಥಿತಿ) ಎಂಬ ಎರಡು ಗುಂಪುಗಳ ಗಡಿಯಲ್ಲಿರುವ ರೋಗಿಗಳು ಎಂಬ ಅರ್ಥ ಅದಕ್ಕಿತ್ತು. ಆ ಅರ್ಥ ಹಿಂದೆ ಸರಿದಿದೆ, ಹೆಸರು ಮಾತ್ರ ಉಳಿದಿದೆ. ‘ಅಲ್ಪಸ್ವಲ್ಪ ಇದೆ’ ಎಂಬ ಅರ್ಥವಂತೂ ಅದಕ್ಕೆ ಎಂದೂ ಇರಲಿಲ್ಲ. ಕನ್ನಡದಲ್ಲಿ ‘ವ್ಯಕ್ತಿತ್ವ ದೋಷ’ ಎನ್ನುವವರಿದ್ದಾರೆ, ನಾನು ಹಾಗೆನ್ನುವುದಿಲ್ಲ. ದೋಷ ಎಂದೊಡನೆ ನಮ್ಮ ಹಿರಿಯರಿಗೆ ಕುಜದೋಷ, ನಾಗದೋಷಗಳು ನೆನಪಾಗುತ್ತವೆ, ಮಾತು ಪರಿಹಾರ ಪೂಜೆಯ ಕಡೆಗೆ ಹೊರಳುತ್ತದೆ.

ವಿವರಣೆಗಿಂತ ಒಂದು ಪ್ರಸಂಗ ಹೆಚ್ಚು ಕೆಲಸ ಮಾಡುತ್ತದೆ. ಒಂದು ಸಂಜೆ ಏಳಕ್ಕೆ ಬರುತ್ತೇನೆಂದು ತಂಗಿಗೆ ಹೇಳಿದ್ದ ನಾನು ಸಿಲ್ಕ್ ಬೋರ್ಡ್ ಬಳಿ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದೆ, ಫೋನಿನ ಚಾರ್ಜೂ ಮುಗಿದಿತ್ತು. ಐವತ್ತು ನಿಮಿಷಗಳ ನಂತರ ಫೋನ್ ಆನ್ ಆದಾಗ ಅವಳ ಸಂದೇಶಗಳು ಸಾಲುಗಟ್ಟಿದ್ದವು: ‘ಅಕ್ಕಾ, ಎಲ್ಲಿದ್ದೀಯ?’, ‘ನಾನು ನಿನಗೆ ಭಾರ ಅಂತ ಗೊತ್ತು’, ‘ಇನ್ಮೇಲೆ ಈ ಮನೆಗೆ ಬರಬೇಡ’, ಕೊನೆಯಲ್ಲಿ ‘ಬಿಟ್ಟು ಹೋಗಬೇಡ ಅಕ್ಕಾ’. ಬೆಳಿಗ್ಗೆ ಅವಳ ಪಾಲಿಗೆ ದೇವರಂತಿದ್ದ ನಾನು ಸಂಜೆಗೆ ದ್ರೋಹಿಯಾಗಿದ್ದೆ, ಊಟದ ಹೊತ್ತಿಗೆ ಮತ್ತೆ ಅಕ್ಕನಾಗಿದ್ದೆ. ಬಿಟ್ಟುಹೋಗುತ್ತಾರೆಂಬ ಭಯ, ಒಬ್ಬರನ್ನು ಏರಿಸಿ ಕೆಡವುವ ಸಂಬಂಧ, ಗಂಟೆಗಳಲ್ಲೇ ಬದಲಾಗುವ ಮನಸ್ಸು, ಕಡೆಗೆ ತಾನು ಯಾರೆಂಬುದೇ ಗಟ್ಟಿಯಾಗಿ ನಿಲ್ಲದಿರುವುದು, ಇವೆಲ್ಲ ಈ ಕಾಯಿಲೆಯ ಲಕ್ಷಣಗಳು. ಮನೋರೋಗಗಳನ್ನು ಗುರುತಿಸಲು ವೈದ್ಯರು ಬಳಸುವ ಅಮೆರಿಕದ ಡಿಎಸ್‌ಎಂ ಕೈಪಿಡಿ ಪಟ್ಟಿ ಮಾಡುವ ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಐದು ಇರಬೇಕು, ಅವು ದೀರ್ಘಕಾಲದಿಂದ ಇರಬೇಕು. ಒಂದು ದಿನದ ಸಿಟ್ಟಿಗೆ ಯಾರೂ ಈ ಹೆಸರು ಕೊಡುವುದಿಲ್ಲ. ಬೈಪೋಲಾರ್ ಕಾಯಿಲೆಯೊಂದಿಗೆ ಇದನ್ನು ಬೆರೆಸುವವರಿಗೆ, ಅಲ್ಲಿ ಮನಸ್ಸಿನ ಏರಿಳಿತಗಳು ಸಾಮಾನ್ಯವಾಗಿ ದಿನಗಟ್ಟಲೆ, ವಾರಗಟ್ಟಲೆ ನಿಲ್ಲುತ್ತವೆ ಎಂದರೆ ಸಾಕು.

‘ಅಷ್ಟಕ್ಕೇ ಇಷ್ಟೊಂದಾ?’ ಎಂದು ಅಮ್ಮ ಕೇಳಿದಾಗ ನಾನು ಒಲೆಯ ಮೇಲಿನ ಹಾಲನ್ನು ತೋರಿಸಿದೆ. ನಮ್ಮ ಪಾತ್ರೆ ದಪ್ಪ ತಳದ್ದು, ಉರಿಯೂ ಸಣ್ಣದು. ತಂಗಿಯದು ತೆಳು ತಳದ ಪಾತ್ರೆ, ಉರಿ ದೊಡ್ಡದು. ಕಣ್ಣು ಮಿಟುಕಿಸುವುದರೊಳಗೆ ಉಕ್ಕುತ್ತದೆ. ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ, ಏಕೆಂದರೆ ತೆಳು ಪಾತ್ರೆ ಬೇಗ ಆರುತ್ತದೆ, ಅವಳ ಮನಸ್ಸು ಆರುವುದಕ್ಕೆ ನಮಗಿಂತ ಹೆಚ್ಚು ಹೊತ್ತು ಬೇಕು. ಹುಟ್ಟಿನಿಂದ ಬಂದ ಸೂಕ್ಷ್ಮತೆಯೂ ಬೆಳೆದ ಪರಿಸರವೂ ಸೇರಿ ಹೀಗಾಗುತ್ತದೆಂದು ತಜ್ಞರು ಹೇಳುತ್ತಾರೆ. ಇದನ್ನು ತಂದೆತಾಯಿಗೆ ಹೇಳುವಾಗ ಎಚ್ಚರ ಬೇಕು, ತಪ್ಪೆಲ್ಲ ತಮ್ಮದೇ ಎಂದು ಅವರು ಕುಸಿಯುತ್ತಾರೆ.

ಕಷ್ಟದ ಮಾತು ‘ನಾಟಕ’ ಎಂಬುದು. ತನಗೆ ತಾನೇ ನೋವು ಮಾಡಿಕೊಳ್ಳುವುದನ್ನು ಹೆದರಿಸುವ ಉಪಾಯವೆಂದು ನೆಂಟರು ತಳ್ಳಿಹಾಕಿದರೆ, ಅಲ್ಲಿ ಮಾತ್ರ ನಾನು ಸುಮ್ಮನಿರುವುದಿಲ್ಲ. ತಡೆಯಲಾಗದ ಸಂಕಟವನ್ನು ಹೇಗಾದರೂ ಇಳಿಸಿಕೊಳ್ಳುವ ಪ್ರಯತ್ನ ಅದು, ಪ್ರಾಣಾಪಾಯವೂ ನಿಜವಾದದ್ದು ಎಂದು ನೇರವಾಗಿ ಹೇಳಬೇಕು. ಅಂಥ ಸ್ಥಿತಿಯಲ್ಲಿ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಕನ್ನಡದಲ್ಲೇ ಮಾತನಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್‌ನ ತುರ್ತು ವಿಭಾಗಕ್ಕೂ ಕರೆದೊಯ್ಯಬಹುದು. ಹಾಗೆಂದು ಅವಳ ಬಾಯಿಂದ ಬಂದ ಪ್ರತಿ ಮಾತನ್ನೂ ನುಂಗಬೇಕೆಂದು ಯಾರಿಗೂ ಹೇಳಬೇಡಿ. ‘ನಿನಗೆ ಭಯವಾಗಿದ್ದು ನನಗೆ ಅರ್ಥವಾಗುತ್ತೆ, ಆದರೆ ಬೈದರೆ ಫೋನ್ ಇಡುತ್ತೇನೆ, ಅರ್ಧ ಗಂಟೆ ಬಿಟ್ಟು ನಾನೇ ಮಾಡುತ್ತೇನೆ’ ಎನ್ನುವುದು ನಿಷ್ಠುರವಲ್ಲ. ಹೇಳಿದ ಹೊತ್ತಿಗೆ ಫೋನ್ ಮಾಡಲೇಬೇಕು, ಅಷ್ಟೆ.

‘ಮದುವೆ ಮಾಡಿದರೆ ಸರಿಹೋಗುತ್ತೆ’ ಎನ್ನುವವರಿಗೆ ಚಿಕಿತ್ಸೆಯ ವಿಷಯ ತಿಳಿಸಿ. ಈ ಕಾಯಿಲೆಗೆಂದೇ ಇರುವ ಮಾತ್ರೆಯಿಲ್ಲ; ಜೊತೆಗಿರುವ ಖಿನ್ನತೆಯಂಥ ತೊಂದರೆಗಳಿಗೆ ಔಷಧ ಕೊಡುತ್ತಾರೆ. ಮುಖ್ಯವಾದದ್ದು ಮಾತಿನ ಚಿಕಿತ್ಸೆ. ಅದರಲ್ಲಿ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ ವಿಧಾನವನ್ನು ರೂಪಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್, ತಾವೇ ಹರೆಯದಲ್ಲಿ ಇಂಥ ಸಂಕಟದಿಂದ ಮನೋರೋಗ ಆಸ್ಪತ್ರೆಯಲ್ಲಿದ್ದುದನ್ನು 2011ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಸರಿಯಾದ ಚಿಕಿತ್ಸೆಯಿಂದ ವರ್ಷಗಳಲ್ಲಿ ಬಹಳ ಜನರ ಲಕ್ಷಣಗಳು ತಗ್ಗುತ್ತವೆ.

ಚಿಕ್ಕಮ್ಮನಿಗೆ ನಾನು ಇಷ್ಟನ್ನೂ ಹೇಳಲಿಲ್ಲ. ಆ ಸಂಜೆಯ ಕಥೆ ಹೇಳಿ, ತಡವಾದರೆ ತಿಳಿಸಿ ಎಂದು ಮಾತ್ರ ಕೇಳಿಕೊಂಡೆ. ಈಗ ಅವರು ಗಾಂಧಿ ಬಜಾರಿನ ಹೂವಿನಂಗಡಿಯ ಮುಂದೆ ನಿಂತು, ‘ಎಂಟಕ್ಕೆ ಬರ್ತೀನಿ ಪುಟ್ಟಿ’ ಎಂದು ಅವಳಿಗೆ ಫೋನ್ ಮಾಡುತ್ತಾರೆ. ಎಂಟಕ್ಕೆ ಬರಲಾಗದಿದ್ದರೆ ಇನ್ನೊಮ್ಮೆ ಮಾಡುತ್ತಾರೆ.